ಬಿಷಪ್ಪನ ಕುರ್ಚಿ, ಕೇರಿಯ ಲೆಕ್ಕ



ಕಳೆದ ತಿಂಗಳು ನಮ್ಮ ಹಾಸ್ಟೆಲ್ ಹುಡುಗರ ಸಭೆಯಲ್ಲಿ ಒಂದು ಸಣ್ಣ ಜಗಳ ಆಯಿತು. ಟವೆಲ್ ಹಾಸಿ ಎತ್ತಿದ ದುಡ್ಡು ಎಲ್ಲಿಗೆ ಹೋಯ್ತು ಅಂತ ಪಿ.ಯು.ಸಿ. ಓದುವ ಹುಡುಗನೊಬ್ಬ ಎದ್ದು ನಿಂತು ಕೇಳಿದ. ನಮ್ಮವರೇ ಒಬ್ಬ ಹಿರಿಯರು, 'ಚಳುವಳಿಯಲ್ಲಿ ಲೆಕ್ಕ ಕೇಳೋದು ಅಪನಂಬಿಕೆ ಕಣಯ್ಯ, ನಾಯಕರ ಮೇಲೆ ವಿಶ್ವಾಸ ಇರಬೇಕು' ಅಂದರು. ಹುಡುಗ ಕೂತುಬಿಟ್ಟ. ನಾವೂ ಸುಮ್ಮನಿದ್ದೆವು. ಹಾಗೆ ಸುಮ್ಮನಿದ್ದದ್ದು ನಮ್ಮ ತಪ್ಪು, ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇವೆ.

ಆಮೇಲೆ ಟೀ ಅಂಗಡಿ ಮುಂದೆ ನಮ್ಮ ರೂಮಿನ ಗೆಳೆಯನೊಬ್ಬ ನಗುತ್ತಾ ಒಂದು ಮಾತು ಹೇಳಿದ. ಅವನದು ಮಾದಿಗರ ಕೇರಿ, ಮೂರು ತಲೆಮಾರಿನಿಂದ ಕ್ರಿಶ್ಚಿಯನ್ನರು. 'ನಮ್ಮೂರ ಚರ್ಚಲ್ಲಿ ವರ್ಷಕ್ಕೊಂದ್ಸಲ ಲೆಕ್ಕ ಓದ್ತಾರೆ. ಓದದೆ ಹೋದ್ರೆ ನಮ್ಮಜ್ಜಿಯಂಥೋರು ನಾಲ್ಕು ಜನ ಎದ್ದು ನಿಂತ್ಕೋತಾರೆ, ಅಯ್ಯನೋರಿಗೆ ಹಾಡು ಶುರು ಮಾಡೋಕೇ ಬಿಡಲ್ಲ' ಅಂದ. ಅಕ್ಷರ ಬಾರದ ಅಜ್ಜಿಗೆ ಇರೋ ಧೈರ್ಯ ಬಿ.ಎ. ಮಾಡಿದ ನಮಗೆ ಇಲ್ಲವಲ್ಲ! ಆ ಧೈರ್ಯ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಒಂದು ಕತೆಯನ್ನು ಈ ಸಲ ಸಂಪಾದಕೀಯದಲ್ಲಿ ಹೇಳಬೇಕೆನಿಸಿತು. ಇದು ಚರ್ಚಿನ ಕತೆ. ನಮ್ಮಲ್ಲಿ ದೇವರನ್ನೇ ನಂಬದವರು, ಬುದ್ಧನ ದಾರಿ ಹಿಡಿದವರು, ಈಗಲೂ ಮಾರಮ್ಮನಿಗೆ ಕೈ ಮುಗಿಯುವವರು ಎಲ್ಲರೂ ಇದ್ದೀರಿ. ಮತಾಂತರ ಮಾಡಿಸೋಕೆ ನಾವು ಬಂದಿಲ್ಲ, ಗಾಬರಿ ಬೇಡ.

ಕಾಜೀಪೇಟೆಯಿಂದ ವಿಜಯವಾಡಕ್ಕೆ ಹೋಗುವ ರೈಲು ದಾರಿಯಲ್ಲಿ ಡೋರ್ನಕಲ್ ಅಂತ ಒಂದು ಜಂಕ್ಷನ್ ಬರುತ್ತದೆ. ಇಂದಿನ ತೆಲಂಗಾಣ. ಆಗ ಅದು ನಿಜಾಮನ ಸೀಮೆ, ನಮ್ಮ ಬೀದರ್, ಕಲಬುರಗಿ, ರಾಯಚೂರು ಯಾವ ದೊರೆಯ ಕೈಕೆಳಗೆ ನರಳುತ್ತಿದ್ದವೋ ಅದೇ ದೊರೆಯದು. ಅಲ್ಲಿ 1912ರಲ್ಲಿ ಆಂಗ್ಲಿಕನ್ ಸಭೆಯ ಒಂದು ಡಯಾಸಿಸ್, ಅಂದರೆ ಒಬ್ಬ ಬಿಷಪ್ಪನ ಕೈಕೆಳಗಿನ ಪ್ರಾಂತ, ಹುಟ್ಟಿತು. ಪೂಜೆ ಪುನಸ್ಕಾರಕ್ಕಿಂತ ಸುವಾರ್ತೆ ಸಾರುವುದೇ ಮುಖ್ಯ ಅನ್ನುವ ಪಂಗಡದವರದು. ಅದರ ಮೊದಲ ಬಿಷಪ್ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. ಆ ವರ್ಷ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರಿಗೆ ಪಟ್ಟವಾಯಿತು. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಇವರು. ಸಾಯುವವರೆಗೂ, ಅಂದರೆ 1945ರ ಜನವರಿ 1ರವರೆಗೂ, ಇಡೀ ಇಂಡಿಯಾದಲ್ಲಿ ತನ್ನದೇ ಡಯಾಸಿಸ್ ಇದ್ದ ಭಾರತೀಯ ಆಂಗ್ಲಿಕನ್ ಬಿಷಪ್ ಇವರೊಬ್ಬರೇ. ಮೂವತ್ತೆರಡು ವರ್ಷದಲ್ಲಿ ಬಿಳಿಯರಿಗೆ ಇನ್ನೊಬ್ಬ ಸಿಗಲಿಲ್ಲ ನೋಡಿ!

ಆದರೆ ಈ ಕತೆಯನ್ನು 1912ರಿಂದ ಶುರುಮಾಡುವುದೇ ಒಂದು ಮೋಸ. ಕೃಷ್ಣಾ ಸೀಮೆಯಲ್ಲಿ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯವರು 1840ರ ದಶಕದಲ್ಲೇ ಬಂದು ಕೂತಿದ್ದರು. ರಾಬರ್ಟ್ ನೋಬಲ್ ಅನ್ನುವವರು 1843ರಲ್ಲಿ ಮಚಲೀಪಟ್ಟಣದಲ್ಲಿ ಶಾಲೆ ತೆರೆದರು. ಯಾರಿಗೆ? ಬ್ರಾಹ್ಮಣರ ಮಕ್ಕಳಿಗೆ, ಮೇಲ್ಜಾತಿ ಹುಡುಗರಿಗೆ. ಹೊಲೆಯ ಮಾದಿಗರ ಮಕ್ಕಳಿಗೆ ಅಲ್ಲಿ ಬಾಗಿಲಿರಲಿಲ್ಲ. ಮೇಲಿನವರು ಬಂದರೆ ಕೆಳಗಿನವರು ತಾವಾಗೇ ಹಿಂದೆ ಬರ್ತಾರೆ ಅನ್ನುವ ಲೆಕ್ಕಾಚಾರ. ಏಸುವಿನ ಹೆಸರಿನಲ್ಲಿ ಮನುಧರ್ಮ ಶಾಸ್ತ್ರ! ಆ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದವನು ಒಬ್ಬ ಮಾಲ, ನಮ್ಮ ಕಡೆಯ ಮಾತಿನಲ್ಲಿ ಹೊಲೆಯ. ರಾಘವಾಪುರದ ಪಗೋಲು ವೆಂಕಯ್ಯ. ಯಾವ ಪಾದ್ರಿಯೂ ಅವನ ಕೇರಿಗೆ ಹೋಗಿರಲಿಲ್ಲ. ಅವನೇ ಹುಡುಕಿಕೊಂಡು ಬಂದ, 1859ರಲ್ಲಿ ದೀಕ್ಷೆ ತೆಗೆದುಕೊಂಡ, ತನ್ನ ಜನರನ್ನು ಕರೆದುಕೊಂಡು ಬಂದ. ಆಮೇಲೆ ಊರಿಂದೂರಿಗೆ ಹಬ್ಬಿತು. ಮುಂದೆ ಬಿಷಪ್ಪನ ಕುರ್ಚಿ ಇಟ್ಟದ್ದು ಇಂಥ ವೆಂಕಯ್ಯಂದಿರು ಹದ ಮಾಡಿದ ನೆಲದ ಮೇಲೆ.

ಅಜರಯ್ಯ ನಮ್ಮವರಲ್ಲ. ತಿರುನೆಲ್ವೇಲಿ ಕಡೆಯ ನಾಡಾರ್ ಕುಲ, ಪಾದ್ರಿಯ ಮಗ. ಹಾಗಂತ ಮೇಲ್ಜಾತಿಯೂ ಅಲ್ಲ. ತಾಳೆಮರ ಹತ್ತಿ ಬದುಕಿದ, ದೇವಸ್ಥಾನದ ಬಾಗಿಲು ಮುಚ್ಚಿಸಿಕೊಂಡ ಜಾತಿ. 1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ಹೊರಗಿನವರ ಕಾಸು ಬೇಡ, ನಮ್ಮ ದುಡ್ಡು ನಮ್ಮ ಜನ ಅಂತ ಒಂದು ಮಿಷನರಿ ಸಂಘ ಕಟ್ಟಿದ್ದರು. ಆ ಸಂಘದ ಕೆಲಸಕ್ಕೇ ಅಜರಯ್ಯ 1909ರಲ್ಲಿ ಡೋರ್ನಕಲ್‌ಗೆ ಬಂದದ್ದು, ತೆಲುಗು ಕಲಿತದ್ದು. ಮರು ವರ್ಷ ಎಡಿನ್‌ಬರೋದ ದೊಡ್ಡ ಮಿಷನರಿ ಸಮ್ಮೇಳನದಲ್ಲಿ ಇವರಿಗೆ ಮಾತಾಡಲು ಅವಕಾಶ ಸಿಕ್ಕಿತು. ಬಂದ ಕರಿಯ ಅತಿಥಿ ನಾಲ್ಕು ಕೃತಜ್ಞತೆಯ ಮಾತಾಡಿ ಕೂರಬಹುದಿತ್ತು. ಇವರು ನೇರವಾಗಿ ಬಿಳಿಯ ಮಿಷನರಿಗಳ ದರ್ಪವನ್ನು ಎತ್ತಿದರು. ನೀವು ದಾನ ಮಾಡಿದ್ದೀರಿ, ಜೀವವನ್ನೂ ಕೊಟ್ಟಿದ್ದೀರಿ, ಇಷ್ಟಾದರೂ ನಮ್ಮ ಜೊತೆ ಸಮವಾಗಿ ಕೂರೋ ಗೆಳೆತನ ಕೊಟ್ಟಿಲ್ಲ ಅನ್ನೋದು ಅವರ ಮಾತಿನ ತಿರುಳು. ಸಭೆಯಲ್ಲಿ ಎಷ್ಟೋ ಜನಕ್ಕೆ ಹಿಡಿಸಲಿಲ್ಲ. ಎರಡು ವರ್ಷದ ಮೇಲೆ ಬಿಷಪ್ ಪಟ್ಟದ ಮಾತು ಬಂದಾಗ, ಇಂಡಿಯನ್ನನ ಕೈಕೆಳಗೆ ನಾವು ಕೆಲಸ ಮಾಡೋದೇ ಅಂತ ಮೂಗು ಮುರಿದ ಮಿಷನರಿಗಳೂ ಇದ್ದರು. ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಹಟ ಹಿಡಿದದ್ದಕ್ಕೆ ಆಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೇರಿಯ ಜನ ಇವರನ್ನು ಆರಿಸಲಿಲ್ಲ. ಒಳ್ಳೆಯ ಬಿಳಿಯನೊಬ್ಬ ಆರಿಸಿದ. ಕುರ್ಚಿ ಮೇಲಿನಿಂದ ಇಳಿದು ಬಂತು.

ಹಾಗೆ ಇಳಿದು ಬಂದ ಕುರ್ಚಿಯಲ್ಲಿ ಕೂತು ಅವರು ಏನು ಮಾಡಿದರು ಅನ್ನೋದು ನಮಗೆ ಮುಖ್ಯ. ಎತ್ತಿನ ಗಾಡಿ ಕಟ್ಟಿಕೊಂಡು ವಾರಗಟ್ಟಲೆ ಕೇರಿ ಕೇರಿ ಸುತ್ತಿದರು. ದೀಕ್ಷೆ ಪಡೆದವರು ತಮ್ಮ ಕೈಯನ್ನು ತಮ್ಮ ತಲೆ ಮೇಲೇ ಇಟ್ಟುಕೊಂಡು, ನಾನೂ ಸಾರುವವನೇ, ಸಾರದೆ ಹೋದರೆ ನನಗೆ ಕೇಡು ಅಂತ ಪ್ರಮಾಣ ಮಾಡಬೇಕಿತ್ತು. ಕೂಲಿ ಮಾಡಿ ಬಂದ ಹೆಂಗಸು ಕೂಡ! ನೀನು ಕೇಳಿಸಿಕೊಳ್ಳೋಕೆ ಮಾತ್ರ ಹುಟ್ಟಿದವಳು ಅಂತ ಸಾವಿರಾರು ವರ್ಷ ಹೇಳಿಸಿಕೊಂಡವಳಿಗೆ, ನೀನು ಮಾತಾಡದೆ ಇದ್ದರೇ ತಪ್ಪು ಅಂತ ಹೇಳಿದ್ದು ಸಣ್ಣ ಮಾತಲ್ಲ. ಊರ ಉಪದೇಶಿಗಳನ್ನು, ಪಾದ್ರಿಗಳನ್ನು ಮಾಲ ಮಾದಿಗರೊಳಗಿಂದಲೇ ತಯಾರು ಮಾಡಿದರು. ಅವರ ಜೊತೆ ಅವರ ಹೆಂಡಂದಿರೂ ಬಂದು ಓದಬೇಕು ಅಂತ ಕಟ್ಟುನಿಟ್ಟು. ಕಾಸಿಲ್ಲದವರು ಹಿಡಿ ಕಾಳು, ಒಂದು ಕೋಳಿ ತಂದು ಕೊಟ್ಟರು. ಬಡವ ಕೊಡಲಾರ ಅನ್ನುವುದನ್ನು ಅಜರಯ್ಯ ಒಪ್ಪಲಿಲ್ಲ. ಸಭೆಗೆ ಕೊಡುವುದರ ಬಗ್ಗೆಯೇ ಒಂದು ಪುಸ್ತಕ ಬರೆದರು. ನಮ್ಮ ಗೆಳೆಯನ ಅಜ್ಜಿ ಎದ್ದು ನಿಲ್ಲುವುದು ಯಾಕೆ ಅಂತ ಇಲ್ಲಿ ನಮಗೆ ಹೊಳೆಯಿತು. ಆಕೆಯ ಸಭೆ ಡೋರ್ನಕಲ್‌ಗೆ ಸೇರಿದ್ದಲ್ಲ, ಆದರೆ ಹಿಡಿ ಕಾಳು ಎಲ್ಲಾ ಕಡೆ ಒಂದೇ. ತಾನು ಹಾಕಿದ ಹಿಡಿಗೆ ಆಕೆ ಲೆಕ್ಕ ಕೇಳುತ್ತಾಳೆ. ಪುಕ್ಕಟೆ ಅನ್ನ ತಿಂದವನಿಗೆ ಲೆಕ್ಕ ಕೇಳೋ ಬಾಯಿ ಬರೋದಿಲ್ಲ.

ಮಾಲ ಮಾದಿಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದಕ್ಕೆ ಅವರು ಹೆಣಗಿದರು. ಪೂರ್ತಿ ಗೆಲ್ಲಲಿಲ್ಲ. ನಮ್ಮಲ್ಲಿ ಎಡಗೈ ಬಲಗೈ ಜಗಳ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕತೆಯಲ್ಲಿ ನಮಗೆ ಮುಳ್ಳಿನಂತೆ ಚುಚ್ಚುವ ಭಾಗವೂ ಇದೆ. 1930ರ ದಶಕದಲ್ಲಿ ಅಜರಯ್ಯ ಬಹಿರಂಗವಾಗಿ ಎರಡು ಕಡೆ ನಿಂತರು. ಒಂದು ಗಾಂಧೀಜಿಗೆ ಎದುರಾಗಿ. 1936ರಲ್ಲಿ ಗಾಂಧಿ ಅಮೆರಿಕದ ಜಾನ್ ಮಾಟ್ ಎಂಬುವರ ಜೊತೆ ಮಾತಾಡುತ್ತಾ, ಹಸುವಿಗೆ ಸುವಾರ್ತೆ ಹೇಳ್ತೀರಾ, ತಿಳುವಳಿಕೆಯಲ್ಲಿ ಕೆಲವು ಅಸ್ಪೃಶ್ಯರು ಹಸುವಿಗಿಂತ ಕಡೆ ಅನ್ನುವ ಅರ್ಥದ ಮಾತಾಡಿದರು. ನಮ್ಮ ಅಜ್ಜಂದಿರ ಬುದ್ಧಿಗೆ ಮಹಾತ್ಮರು ಕೊಟ್ಟ ಮಾರ್ಕು ಅದು! ಹಸುಗಳಲ್ಲ, ಯೋಚಿಸಿ ಆರಿಸಿಕೊಂಡ ಮನುಷ್ಯರು ಅನ್ನುವುದಕ್ಕೆ ಅಜರಯ್ಯನ ಡಯಾಸಿಸ್ಸೇ ಉತ್ತರವಾಗಿತ್ತು. ಕೇರಿಯವರು ಬದಲಾದದ್ದನ್ನು ಕಂಡು ಶೂದ್ರ ಜಾತಿಯವರೂ ಅಲ್ಲಿ ಸಭೆಗೆ ಬರತೊಡಗಿದ್ದರು. ಗಾಂಧೀಜಿಯ ಒತ್ತಡಕ್ಕೆ ಅವರು ಜಗ್ಗಲಿಲ್ಲ. ಇದಕ್ಕೆ ನಮ್ಮ ಸಲಾಮು.

ಇನ್ನೊಂದು, ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಎಂದದ್ದು. ಸಭೆ ಅನ್ನೋದು ರಾಜಕೀಯ ಪಂಗಡ ಆಗಬಾರದು, ದೇಶದೊಳಗೆ ಬೇಲಿ ಹಾಕಿಕೊಂಡು ಕೂರಬಾರದು ಎಂಬುದು ಅವರ ವಾದ. ತನ್ನ ಜನಕ್ಕೆ ಸಿಗುವ ಸೀಟನ್ನೇ ಬೇಡ ಅನ್ನೋದಕ್ಕೆ ಎದೆಗಾರಿಕೆ ಬೇಕು, ಒಪ್ಪುತ್ತೇವೆ. ಸ್ವಾರ್ಥ ಅದರಲ್ಲಿ ಇರಲಿಲ್ಲ. ಆದರೆ ಯಾರನ್ನು ಕೇಳಿ ಬೇಡ ಎಂದಿರಿ, ಅಯ್ಯಾ? ನಿಮ್ಮ ಪ್ರಾಂತದಲ್ಲಿ ಬಹುಪಾಲು ಜನ ಜಮೀನಿಲ್ಲದ ಮಾಲ ಮಾದಿಗ ಕೂಲಿಗಳು. ಸೀಟು ಬಿಟ್ಟರೆ ಅವರಿಗೆ ಉಳಿಯೋದು ಗೌಡನ ಹೊಲ ಒಂದೇ. ಹಿಡಿ ಕಾಳಿನ ಲೆಕ್ಕವನ್ನು ಕೇರಿಗೆ ಒಪ್ಪಿಸಬೇಕು ಎಂದ ಮನುಷ್ಯ, ಓಟಿನ ಲೆಕ್ಕದಲ್ಲಿ ಕೇರಿಯ ಪರವಾಗಿ ತಾನೇ ಮಾತಾಡಿದ. ಬ್ರಿಟಿಷರು ಇವರ ಮಾತು ಕೇಳಲಿಲ್ಲ, ಕ್ರೈಸ್ತರಿಗೆ ಪ್ರತ್ಯೇಕ ಸೀಟು ಕೊಟ್ಟೇ ಕೊಟ್ಟರು. ಅದೇ ಹೊತ್ತಿಗೆ 1936ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ, ಯಾವ ಭಾರತೀಯ ಕ್ರೈಸ್ತನನ್ನೂ ಪರಿಶಿಷ್ಟ ಜಾತಿಯವನೆಂದು ಎಣಿಸತಕ್ಕದ್ದಲ್ಲ ಎಂದು ಬರೆದರು. ಸ್ವತಂತ್ರ ಭಾರತದ 1950ರ ಆದೇಶ ಹಿಂದೂಗಳಿಗೆ ಮಾತ್ರ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಧರ್ಮದ ಷರತ್ತು ತೆಗೆಯಿರಿ ಎಂದು ಹೇಳಿತು. 2022ರಲ್ಲಿ ಮತ್ತೊಂದು ಆಯೋಗ ನೇಮಿಸಿದರು. ನಮ್ಮ ರೂಮಿನ ಗೆಳೆಯನ ಸರ್ಟಿಫಿಕೇಟು ನೋಡಿದ ಗುಮಾಸ್ತ ಮೊನ್ನೆಯೂ 'ನೀನು ಆ ಲಿಸ್ಟಿನಲ್ಲಿ ಬರೋಲ್ಲಪ್ಪ' ಅಂದು ಕಳಿಸಿದ. ಊರಲ್ಲಿ ಅವನಿಗೆ ನೀರು ಕೊಡುವಾಗ ಮಾತ್ರ ಲಿಸ್ಟು ಯಾರೂ ನೋಡುವುದಿಲ್ಲ.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ ಮೇಲೆ ಅಜರಯ್ಯನವರನ್ನು ಭೇಟಿಯಾದರಂತೆ. ಆಗ ಎರಡು ಪ್ರಶ್ನೆ ಕೇಳಿದರಂತೆ: ನಾವು ಬಂದರೆ ಎಲ್ಲಿದ್ದರೂ ಒಂದೇ ಸಭೆಯಾಗಿ ಇರಬಹುದೇ? ನಿಮ್ಮಲ್ಲಿ ಜಾತಿ ಪೂರ್ತಿ ಹೋಗಿದೆಯೇ? ಎರಡಕ್ಕೂ ಹೌದು ಎನ್ನಲಾಗದೆ ಬಿಷಪ್ ನಾಚಿ ತಲೆತಗ್ಗಿಸಿದರು ಎಂದು ಚರ್ಚಿನವರೇ ಹೇಳಿಕೊಂಡು ಬಂದಿದ್ದಾರೆ. ತಲೆ ತಗ್ಗಿಸಿದ ಬಿಷಪ್ ನಮಗೆ ಇಷ್ಟವಾಗುತ್ತಾರೆ. ಅಲ್ಲಿ ಸುಳ್ಳು ಹೇಳುವುದು ಬಹಳ ಸುಲಭವಿತ್ತು.

ಅವರು ತೀರಿಕೊಂಡ ಮೇಲೆ ಆ ಕುರ್ಚಿಗೆ ಬಂದವರು ಎ.ಬಿ. ಎಲಿಯಟ್, ಒಬ್ಬ ಬಿಳಿಯರು. ಆಫ್ರಿಕಾದಲ್ಲೂ ಹೀಗೇ ಆಗಿತ್ತು. ಚಿಕ್ಕಂದಿನಲ್ಲಿ ಗುಲಾಮನಾಗಿ ಮಾರಾಟವಾಗಿದ್ದ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಬಿಷಪ್ ಆದರು. 1891ರಲ್ಲಿ ಅವರು ಸತ್ತ ಮೇಲೆ ಆ ಕುರ್ಚಿಗೆ ಬಿಳಿಯನನ್ನೇ ತಂದರು. ಮೇಲಿನಿಂದ ಕೊಟ್ಟ ಕುರ್ಚಿಯನ್ನು ಮೇಲಿನವರು ವಾಪಸು ತೆಗೆದುಕೊಳ್ಳಬಲ್ಲರು. ಡೋರ್ನಕಲ್‌ನಲ್ಲಿ ಅವರು ತೆಗೆದುಕೊಳ್ಳಲಾಗದೆ ಹೋದದ್ದು, ಕೇರಿಯ ಉಪದೇಶಿಗಳನ್ನು ಮತ್ತು ಎದ್ದು ನಿಂತು ಕೇಳುವ ಹೆಂಗಸರನ್ನು. 1947ರಲ್ಲಿ ಆ ಡಯಾಸಿಸ್ ದಕ್ಷಿಣ ಭಾರತ ಸಭೆಯೊಳಗೆ, ಅಂದರೆ ಸಿ.ಎಸ್.ಐ.ಗೆ ಸೇರಿತು. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಎಗ್ಗೋಣಿ ಪುಷ್ಪಲಲಿತ ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಅದೇ ಸಭೆಯ ಆಡಳಿತದ ವ್ಯಾಜ್ಯ ಕೋರ್ಟು ಹತ್ತಿ, 2024ರಲ್ಲಿ ಮದರಾಸು ಹೈಕೋರ್ಟು ನಿವೃತ್ತ ನ್ಯಾಯಾಧೀಶರನ್ನು ಆಡಳಿತ ನೋಡಲು ನೇಮಿಸಬೇಕಾಯಿತು. ಚುನಾವಣೆ ಇಟ್ಟ ಮಾತ್ರಕ್ಕೆ ಕುರ್ಚಿಯ ರೋಗ ವಾಸಿಯಾಗುವುದಿಲ್ಲ ಅಂತಾಯಿತು.

ಇದನ್ನೆಲ್ಲ ಬೇರೆಯವರ ಮನೆಯ ತೂತು ತೋರಿಸಲಿಕ್ಕೆ ಬರೆಯುತ್ತಿಲ್ಲ. ನಮ್ಮ ತಾಲ್ಲೂಕು ಸಮಿತಿ ಕೊನೆಯ ಸಲ ಯಾವಾಗ ಚುನಾವಣೆ ಮಾಡಿತು? ಜ್ಞಾಪಕ ಇರುವವರು ಬರೆದು ತಿಳಿಸಿ, ಅಚ್ಚು ಹಾಕುತ್ತೇವೆ. ನಮ್ಮ ಸಮಿತಿಯಲ್ಲಿ ಹೆಣ್ಣುಮಕ್ಕಳು ಎಷ್ಟು? ಒಬ್ಬರು, ಅದೂ ಹಾಡು ಹೇಳುವುದಕ್ಕೆ. ಯಾವ ಪಕ್ಷದ ಎಂ.ಎಲ್.ಎ. ಜೊತೆ ನಮ್ಮ ಹೆಸರಿನಲ್ಲಿ ಯಾರು ಮಾತಾಡಿ ಬಂದರು, ಹಾಸ್ಟೆಲ್ ಹುಡುಗರನ್ನು ಯಾರು ಕೇಳಿದರು?

ಮುಂದಿನ ಸಭೆಯಲ್ಲಿ ಲೆಕ್ಕ ಓದುವ ಕೆಲಸವನ್ನು ಆ ಪಿ.ಯು.ಸಿ. ಹುಡುಗನಿಗೇ ವಹಿಸಿದ್ದೇವೆ. ಹಿರಿಯರು ಬಂದು ಮುಂದಿನ ಸಾಲಿನಲ್ಲಿ ಕೂರಬೇಕಾಗಿ ವಿನಂತಿ. ಈ ಪತ್ರಿಕೆಯ ಲೆಕ್ಕ ಇಲ್ಲೇ ಇದೆ: ಕಳೆದ ಸಲ ಇನ್ನೂರು ಪ್ರತಿ ತೆಗೆದೆವು, ನೂರ ಐವತ್ತೊಂದು ಮಾರಿದೆವು, ಮೂವತ್ತೈದು ಉಳಿದಿವೆ. ಹದಿನಾಲ್ಕು ಪ್ರತಿಗೆ ದುಡ್ಡು ಬಂದಿಲ್ಲ. ತೆಗೆದುಕೊಂಡವರು ಯಾರೆಂದು ಗೊತ್ತು. ಅವರಲ್ಲಿ ಇಬ್ಬರು ಸಂಪಾದಕ ಮಂಡಳಿಯವರೇ.