ತಂತಿ ಎಳೆದಾಯ್ತು, ಸೀಟು ಎಲ್ಲಿ? ರೈಲ್ವೆಯ ಹಸಿರು ಲೆಕ್ಕದಲ್ಲಿ ಬಿಟ್ಟುಹೋದ ಕಾಲಂ

2030ರೊಳಗೆ ನಿವ್ವಳ ಶೂನ್ಯ ಇಂಗಾಲ. ಭಾರತೀಯ ರೈಲ್ವೆ ತಾನೇ ಹಾಕಿಕೊಂಡಿರುವ ಗುರಿ ಇದು. ಇಡೀ ದೇಶಕ್ಕೆ ಕೇಂದ್ರ ಸರ್ಕಾರ ಇಟ್ಟುಕೊಂಡಿರುವ ಗಡುವು 2070. ಅಂದರೆ ದೇಶಕ್ಕಿಂತ 40 ವರ್ಷ ಮೊದಲೇ ರೈಲು ಹಸಿರಾಗಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಹಸಿರು ಅಂತ ಯಾವುದನ್ನು ಎಣಿಸ್ತಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಅನ್ನೋದನ್ನು ನಾವು ನೋಡಲೇಬೇಕು.

ಮೊದಲು ಆಗಿರುವ ಕೆಲಸವನ್ನು ಒಪ್ಪಿಕೊಳ್ಳೋಣ. 2014ರಲ್ಲಿ ಸುಮಾರು 22 ಸಾವಿರ ಕಿ.ಮೀ. ಮಾರ್ಗಕ್ಕೆ ಮಾತ್ರ ವಿದ್ಯುತ್ ತಂತಿ ಇತ್ತು. 2025ರ ಹೊತ್ತಿಗೆ ಬ್ರಾಡ್‌ಗೇಜ್ ಜಾಲದ ಶೇ 98ಕ್ಕೂ ಹೆಚ್ಚು ಭಾಗ ವಿದ್ಯುದೀಕರಣವಾಗಿದೆ. ಇಷ್ಟು ದೊಡ್ಡ ಜಾಲವನ್ನು ಇಷ್ಟು ಬೇಗ ಬದಲಿಸಿದ ದೇಶಗಳು ಕಡಿಮೆ. ಹೊಸ ಎಂಜಿನ್‌ಗಳಲ್ಲಿ ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ಕರೆಂಟನ್ನು ತಂತಿಗೆ ವಾಪಸ್ ಕೊಡುತ್ತೆ. ಮೊದಲು ಎಲ್‌ಎಚ್‌ಬಿ ರೈಲುಗಳ ಎಸಿ, ಫ್ಯಾನ್, ಲೈಟಿಗೆ ಡೀಸೆಲ್ ಸುಡುವ ಪವರ್ ಕಾರ್‌ಗಳು ಬೇಕಿತ್ತು. ಈಗ ಆ ವಿದ್ಯುತ್ ಎಂಜಿನ್ ಮೂಲಕ ತಂತಿಯಿಂದಲೇ ಬರುತ್ತೆ. ಡಿಆರ್‌ಡಿಒ ಜೊತೆ ಸೇರಿ ರೂಪಿಸಿದ ಬಯೋ ಟಾಯ್ಲೆಟ್‌ಗಳಿಂದ ಹಳಿ ಮೇಲೆ ಮಲ ಬೀಳೋದು ನಿಂತಿದೆ. ಆ ಹಳಿಯ ಮೇಲೆ ನಡೆದು ಕೆಲಸ ಮಾಡುವ ಟ್ರ್ಯಾಕ್‌ಮ್ಯಾನ್‌ಗಳ ಪಾಲಿಗೆ ಇದು ಘನತೆಯ ವಿಷಯ ಕೂಡ.

ಸರಿ, ತಂತಿಯಲ್ಲಿ ಹರಿಯುವ ಕರೆಂಟ್ ಎಲ್ಲಿಂದ ಬರುತ್ತೆ?

ದೇಶದ ವಿದ್ಯುತ್ತಿನ ಮುಕ್ಕಾಲು ಪಾಲಿನ ಆಸುಪಾಸು ಇವತ್ತಿಗೂ ಬರೋದು ಕಲ್ಲಿದ್ದಲಿನಿಂದ. ಡೀಸೆಲ್ ಎಂಜಿನ್ ನಿಂತಾಗ ಅದರ ಹೊಗೆ ರೈಲ್ವೆಯ ಖಾತೆಯಿಂದ ಅಳಿಸಿಹೋಗುತ್ತೆ. ಆದರೆ ಅದರಲ್ಲಿ ದೊಡ್ಡ ಪಾಲು ರಾಯಚೂರಿನಂಥ ಊರಿನ ಉಷ್ಣ ಸ್ಥಾವರದ ಚಿಮಣಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತೆ. ಹಾಗಂತ ವಿದ್ಯುದೀಕರಣ ವ್ಯರ್ಥ ಅಲ್ಲ. ಡೀಸೆಲ್ ಎಂಜಿನ್ ಯಾವತ್ತಿದ್ದರೂ ಡೀಸೆಲ್ಲನ್ನೇ ಸುಡಬೇಕು. ವಿದ್ಯುತ್ ಎಂಜಿನ್ ನಾಳೆ ಸೌರ, ಪವನ ವಿದ್ಯುತ್ತಿನಲ್ಲೂ ಓಡಬಹುದು. ತಂತಿ ಬಾಗಿಲು ತೆರೆದಿದೆ ಅಷ್ಟೇ, ಒಳಗೆ ಹೋಗೋದು ಇನ್ನೂ ಬಾಕಿ ಇದೆ.

ಇನ್ನೊಂದು ಗಂಟು ಇದಕ್ಕಿಂತ ಬಿಗಿಯಾಗಿದೆ. ನಮ್ಮ ಟಿಕೆಟ್ ದರ ರೈಲು ಓಡಿಸುವ ಖರ್ಚನ್ನು ಪೂರ್ತಿ ತುಂಬಲ್ಲ, ಕೊರತೆಯನ್ನು ಸರಕು ಸಾಗಣೆಯ ಆದಾಯ ತುಂಬುತ್ತೆ. ಆ ಸರಕಿನಲ್ಲಿ, ತೂಕದ ಲೆಕ್ಕದಲ್ಲಿ, ಅರ್ಧದಷ್ಟು ಕಲ್ಲಿದ್ದಲು. ಅಂದರೆ ಸ್ಲೀಪರ್ ಕ್ಲಾಸಿನ ಅಗ್ಗದ ಟಿಕೆಟ್ ನಿಂತಿರೋದೇ ಕಲ್ಲಿದ್ದಲಿನ ಮೇಲೆ. ದೇಶ ಕಲ್ಲಿದ್ದಲು ಬಿಡಬೇಕು ಅಂತ ನಾವೆಲ್ಲ ಒತ್ತಾಯಿಸ್ತೀವಿ, ಸರಿ. ಬಿಟ್ಟ ದಿನ ಈ ಟಿಕೆಟ್‌ಗೆ ಯಾರು ದುಡ್ಡು ಕೊಡ್ತಾರೆ? ಬಜೆಟ್ಟಾ, ಪ್ರಯಾಣಿಕರಾ? ಈ ಚರ್ಚೆ ಇನ್ನೂ ಶುರುವೇ ಆಗಿಲ್ಲ.

ಇನ್ನು ಬಿಟ್ಟುಹೋದ ಕಾಲಂಗೆ ಬರೋಣ, ಅದು ಪ್ರಯಾಣಿಕರದ್ದು. ಒಂದು ರೈಲು ಪರಿಸರಕ್ಕೆ ಮಾಡುವ ಅತಿ ದೊಡ್ಡ ಉಪಕಾರ ಅದರ ಎಂಜಿನ್ನಿನಲ್ಲಿಲ್ಲ. ಕಾರು, ವಿಮಾನ ಬಿಟ್ಟು ಎಷ್ಟು ಜನ ಅದನ್ನು ಹತ್ತಿದರು ಅನ್ನೋದರಲ್ಲಿದೆ. 2018–19ರಲ್ಲಿ ರೈಲ್ವೆ ಸುಮಾರು 844 ಕೋಟಿ ಪ್ರಯಾಣಗಳನ್ನು ದಾಖಲಿಸಿತ್ತು. 2023–24ರಲ್ಲಿ ಅದು 690 ಕೋಟಿ ಆಸುಪಾಸು. ಕೋವಿಡ್ ಪರಿಣಾಮ ಅನ್ನಬಹುದು. ಆದರೆ ಅದೇ ಕೋವಿಡ್ ದಾಟಿದ ದೇಶೀಯ ವಿಮಾನಯಾನ 2023ರಲ್ಲೇ 15 ಕೋಟಿ ಪ್ರಯಾಣಿಕರನ್ನು ಮುಟ್ಟಿ 2019ರ ದಾಖಲೆ ಮುರಿಯಿತು. ತಂತಿ ಹೆಚ್ಚಿದ ವರ್ಷಗಳಲ್ಲೇ ರೈಲು ಹತ್ತುವವರು ಕಡಿಮೆಯಾಗಿದ್ದಾರೆ.

ಜನ ರೈಲು ಬೇಡ ಅಂದರಾ? ದೀಪಾವಳಿ, ಗಣೇಶ ಹಬ್ಬದ ಹಿಂದಿನ ರಾತ್ರಿ ಬೆಂಗಳೂರಿನಿಂದ ಕಲಬುರಗಿ, ವಿಜಯಪುರ, ಹುಬ್ಬಳ್ಳಿಗೆ ಹೊರಟವರನ್ನು ಕೇಳಿ. ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗದೆ, ಎರಡು ಮೂರು ಪಟ್ಟು ದರ ಕೊಟ್ಟು ಖಾಸಗಿ ಸ್ಲೀಪರ್ ಬಸ್ ಹತ್ತುವವರು ಇವರು. ಇವರೆಲ್ಲ ಡೀಸೆಲ್ ಹೊಗೆಯ ಕಡೆಗೆ ತಳ್ಳಲ್ಪಟ್ಟವರು. ಜನರಲ್ ಬೋಗಿಗಳ ನೂಕುನುಗ್ಗಲಿನ ಬಗ್ಗೆ ಕೂಗು ಎದ್ದ ಮೇಲಷ್ಟೇ, 2024ರಲ್ಲಿ, 10 ಸಾವಿರ ನಾನ್-ಎಸಿ ಬೋಗಿ ಮಾಡುವ ಘೋಷಣೆ ಬಂತು. 2020ರ ಮಾರ್ಚ್‌ನಲ್ಲಿ ನಿಲ್ಲಿಸಿದ ಹಿರಿಯ ನಾಗರಿಕರ ರಿಯಾಯಿತಿ ಐದು ವರ್ಷ ಕಳೆದರೂ ವಾಪಸ್ ಬರಲಿಲ್ಲ. ಬೋಗಿಯ ಸಂಖ್ಯೆ, ಟಿಕೆಟ್ ದರ, ರಿಯಾಯಿತಿ ಎಲ್ಲವೂ ಪರಿಸರ ನೀತಿಯೇ. ಕಡತದಲ್ಲಿ ಮಾತ್ರ ಅವು ಬೇರೆ ವಿಭಾಗದಲ್ಲಿವೆ.

ದರದ ಪಾಠ ಕಲಿಯೋಕೆ ದೂರ ಹೋಗಬೇಕಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿತು. ಪ್ರಯಾಣಿಕರ ಸಂಖ್ಯೆ ತಕ್ಷಣವೇ ಕುಸಿಯಿತು. ಇಳಿದುಹೋದವರು ಮನೆಯಲ್ಲಿ ಕೂತಿರಲ್ಲ. ಅವರಲ್ಲಿ ಒಂದಷ್ಟು ಜನ ಸ್ಕೂಟರ್ ತೆಗೆದಿರುತ್ತಾರೆ. ಸೌರಫಲಕ ಹಾಕಿದ ನಿಲ್ದಾಣದಿಂದ ಜನರೇ ಹೊರಗೆ ಹೋದರೆ ಆ ಫಲಕಕ್ಕೆ ಏನರ್ಥ?

ಬೆಂಗಳೂರಿನ ಉಪನಗರ ರೈಲಿನ ಕಥೆ ಇನ್ನೂ ಕಹಿ. 148 ಕಿ.ಮೀ., ನಾಲ್ಕು ಕಾರಿಡಾರ್: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೇಂದ್ರ ಸಂಪುಟ 2020ರಲ್ಲಿ ಒಪ್ಪಿತು. 2022ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅಡಿಗಲ್ಲು ಹಾಕಿ, 40 ವರ್ಷದಲ್ಲಿ ಆಗದ್ದನ್ನು 40 ತಿಂಗಳಲ್ಲಿ ಮಾಡ್ತೀವಿ ಅಂದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಒಂದೇ ಒಂದು ಕಾರಿಡಾರ್‌ನಲ್ಲೂ ರೈಲು ಓಡಲಿಲ್ಲ. ಭೂಮಿ, ಗುತ್ತಿಗೆ, ಅನುಮತಿ ಅಂತ ಕೇಂದ್ರ ಮತ್ತು ರಾಜ್ಯ ಪರಸ್ಪರ ಬೆರಳು ತೋರಿಸ್ತಾ ಇದ್ದರೆ, ರಾಜಾನುಕುಂಟೆಯಿಂದ ಹೀಲಲಿಗೆ ಕಡೆಗೆ ರೈಲಿನಲ್ಲಿ ಹೋಗಬಹುದಾಗಿದ್ದ ಜನ ದಿನಾ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಸುಡ್ತಿದ್ದಾರೆ. ಈ ಹೊಗೆ ಯಾವ ರೈಲ್ವೆಯ ಇಂಗಾಲದ ವರದಿಯಲ್ಲೂ ಬರಲ್ಲ. ಬರದೇ ಇದ್ದ ರೈಲಿಗೆ ಹೊಗೆಯ ಲೆಕ್ಕ ಇಲ್ಲ.

ಆದ್ದರಿಂದ 2030ರ ಸಂಭ್ರಮಕ್ಕೆ ಮೊದಲು ನಾವು ಮೂರು ಪ್ರಶ್ನೆ ಕೇಳಬೇಕು. ರೈಲ್ವೆ ಕೊಳ್ಳುವ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ವರ್ಷಕ್ಕೆ ಎಷ್ಟು ಇಳಿಯುತ್ತಿದೆ? ಪ್ರತಿ ವರ್ಷ ಸ್ಲೀಪರ್, ಜನರಲ್ ಸೀಟು ಎಷ್ಟು ಹೆಚ್ಚಿದವು? ಕಾರು, ಬಸ್ಸು, ವಿಮಾನ ಬಿಟ್ಟು ಎಷ್ಟು ಜನ ರೈಲಿಗೆ ಬಂದರು? ಸಂಸದರು ಸಂಸತ್ತಿನಲ್ಲಿ ಕೇಳಬಹುದಾದ ಪ್ರಶ್ನೆಗಳಿವು. ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಯಾರು ಕೇಳಿದ್ದಾರೆ, ಯಾರು ಹೊಸ ರೈಲಿಗೆ ಹಸಿರು ಬಾವುಟ ಬೀಸಿ ಫೋಟೊ ತೆಗೆಸಿಕೊಂಡು ಸುಮ್ಮನಾಗಿದ್ದಾರೆ ಅನ್ನೋದನ್ನು ಓಟು ಹಾಕುವವರು ಗಮನಿಸಬೇಕು.