ಓಡ್ತಾ ಇದೆ, ಮುಟ್ಟಬೇಡಿ

ಸರ್ವರ್‌ಗಳ ವಿಷಯದಲ್ಲಿ ನಾವು ಅತಿ ಹೆಚ್ಚು ಸಲ ಕೇಳಿರೋ ಮಾತು ಇದು: “ಓಡ್ತಾ ಇದೆಯಲ್ಲ, ಸುಮ್ನೆ ಮುಟ್ಟಬೇಡಿ.” ಲ್ಯಾಬಿನಲ್ಲೂ ಕೇಳಿದ್ದೇವೆ, ಇಂಟರ್ನ್‌ಶಿಪ್ ಮುಗಿಸಿ ಬಂದ ಸೀನಿಯರ್‌ಗಳ ಬಾಯಲ್ಲೂ ಕೇಳಿದ್ದೇವೆ. ಈ ಮಾತಿನಲ್ಲಿ ಅನುಭವ ಇದೆ, ಒಪ್ಪೋಣ. ಶುಕ್ರವಾರ ಸಂಜೆ ಯಾರೋ ಒಂದು ಕಮಾಂಡ್ ಹೊಡೆದು ಸೋಮವಾರದ ತನಕ ಎಲ್ಲರ ನಿದ್ದೆ ಕೆಡಿಸಿದ ಕತೆಗಳು ಈ ಫೀಲ್ಡಿನಲ್ಲಿ ಬೇಕಾದಷ್ಟಿವೆ. ಆದರೆ ಆ ಸರ್ವರಿನ ಆಪರೇಟಿಂಗ್ ಸಿಸ್ಟಮ್‌ಗೆ ಸಪೋರ್ಟ್ ನಿಂತು ವರ್ಷ ಕಳೆದಿದ್ದರೆ ಇದೇ ಮಾತು ಅಪಾಯದ ಮಾತಾಗುತ್ತೆ. ನಾವು ಹೇಳೋಕೆ ಹೊರಟಿರೋದು ಇಷ್ಟೇ: ಹಳೇ ಸರ್ವರ್ ಇಟ್ಟುಕೊಳ್ಳೋದು ತಪ್ಪಲ್ಲ. ಅದನ್ನು ನೋಡಿಕೊಳ್ಳೋರು ಯಾರು, ಅದರ ಗಡುವು ಯಾವತ್ತು ಅಂತ ಯಾರಿಗೂ ಗೊತ್ತಿಲ್ಲದೆ ಇರೋದು ತಪ್ಪು.

ಸಪೋರ್ಟ್ ಮುಗಿಯೋದು ಅಂದ್ರೆ ಏನು? ಸೆಂಟ್‌ಓಎಸ್ 7 ಅನ್ನೇ ತಗೊಳ್ಳಿ. ರೆಡ್ ಹ್ಯಾಟ್ ಕಂಪನಿಯ ಎಂಟರ್‌ಪ್ರೈಸ್ ಲಿನಕ್ಸ್‌ನ ಮೂಲ ಕೋಡಿನಿಂದ ಕಟ್ಟಿದ, ದುಡ್ಡು ಕೊಡದೆ ಸಿಗುತ್ತಿದ್ದ ಲಿನಕ್ಸ್ ಇದು. 2014ರ ಜುಲೈನಲ್ಲಿ ಬಂತು, 2024ರ ಜೂನ್ 30ಕ್ಕೆ ಮುಗಿಯಿತು. ಜುಲೈ 1ರ ಬೆಳಿಗ್ಗೆ ಏನಾಯ್ತು? ಏನೂ ಆಗಲಿಲ್ಲ. ಫ್ಯಾನ್ ತಿರುಗ್ತಾನೇ ಇತ್ತು, ವೆಬ್‌ಸೈಟ್ ತೆರೀತಾನೇ ಇತ್ತು. ‘ಯಮ್ ಅಪ್‌ಡೇಟ್’ ಅಂತ ಹೊಡೆದವರಿಗೆ ಮಾತ್ರ ಮಿರರ್‌ಲಿಸ್ಟ್ ವಿಳಾಸವೇ ಸಿಗ್ತಿಲ್ಲ ಅನ್ನೋ ಎರರ್ ಕಾಣಿಸಿತು. ಹಳೇ ಪ್ಯಾಕೇಜುಗಳನ್ನೆಲ್ಲ ವಾಲ್ಟ್ ಅನ್ನೋ ಸಂಗ್ರಹಕ್ಕೆ ಸಾಗಿಸಲಾಗಿತ್ತು. ಸೆಟ್ಟಿಂಗ್‌ನಲ್ಲಿ ವಾಲ್ಟ್‌ನ ವಿಳಾಸ ಬರೆದರೆ ಎರರ್ ಮಾಯ. ಇಲ್ಲೇ ಎಡವೋದು. ಎರರ್ ಹೋಯ್ತು ಅಂದ್ರೆ ಸರ್ವರ್ ಸರಿಹೋಯ್ತು ಅಂತಲ್ಲ. ವಾಲ್ಟ್‌ಗೆ ಹೊಸ ಪ್ಯಾಚ್ ಯಾವತ್ತೂ ಬರಲ್ಲ. ಎಕ್ಸ್‌ಪೈರಿ ಆದ ಮಾತ್ರೆಗೆ ಹೊಸ ಡಬ್ಬಿ ಸಿಕ್ಕಿದೆ, ಅಷ್ಟೇ.

ಇನ್ನೊಂದು ವಿಷಯ ಇದೆ, ಇದನ್ನು ಕ್ಲಾಸಿನಲ್ಲಿ ಯಾರೂ ಒತ್ತಿ ಹೇಳಲ್ಲ. ಕರ್ನಲ್‌ನಲ್ಲೋ ಓಪನ್‌ಎಸ್‌ಎಸ್‌ಎಲ್‌ನಲ್ಲೋ ಒಂದು ದೋಷ ಸಿಕ್ಕಿದಾಗ ಅದನ್ನು ಸರಿಪಡಿಸಿದ ಕೋಡ್ ಎಲ್ಲರ ಕಣ್ಣೆದುರೇ ಪ್ರಕಟವಾಗುತ್ತೆ. ಯಾವ ಸಾಲು ಬದಲಾಯ್ತು ಅಂತ ನೋಡಿದರೆ ಯಾವ ಸಾಲು ದುರ್ಬಲ ಆಗಿತ್ತು ಅನ್ನೋದೂ ಗೊತ್ತಾಗುತ್ತೆ. ಪಕ್ಕದ ಮನೆಯವರು “ಈ ಕಂಪನಿ ಬೀಗ ಹೇರ್‌ಪಿನ್ನಿನಲ್ಲಿ ತೆಗೀಬಹುದಂತೆ” ಅಂತ ಊರಿಗೆಲ್ಲ ಹೇಳಿ ತಮ್ಮ ಬೀಗ ಬದಲಾಯಿಸಿದರು. ನಮ್ಮನೆ ಬಾಗಿಲಿಗೆ ಇನ್ನೂ ಅದೇ ಬೀಗ ನೇತಾಡ್ತಿದೆ. ಹಾಗಾಗಿ ಸಪೋರ್ಟ್ ಇಲ್ಲದ ಸಿಸ್ಟಮ್ ಇದ್ದ ಹಾಗೇ ಇರಲ್ಲ, ಒಂದೊಂದು ತಿಂಗಳಿಗೂ ಇನ್ನಷ್ಟು ಸಡಿಲ ಆಗ್ತಾ ಹೋಗುತ್ತೆ.

ಇದು ಬರೀ ಹೆದರಿಸೋ ಮಾತಲ್ಲ. 2017ರ ಮೇ 12ರಂದು ವಾನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಒಂದರಿಂದ ಇನ್ನೊಂದು ಕಂಪ್ಯೂಟರಿಗೆ ತಾನಾಗೇ ಹರಡಿ ಸುಮಾರು 150 ದೇಶಗಳನ್ನು ಮುಟ್ಟಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟುಗಳು, ಆಪರೇಷನ್‌ಗಳು ರದ್ದಾದವು. ಅದು ನುಗ್ಗಿದ್ದು ವಿಂಡೋಸ್‌ನ ಹಳೇ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ದೋಷದಿಂದ. ಮೈಕ್ರೋಸಾಫ್ಟ್ ಅದಕ್ಕೆ ಮಾರ್ಚ್ 14ಕ್ಕೇ ಪ್ಯಾಚ್ ಕೊಟ್ಟಿತ್ತು. ಆದರೆ ವಿಂಡೋಸ್ ಎಕ್ಸ್‌ಪಿಗೆ 2014ರಲ್ಲೇ, ಸರ್ವರ್ 2003ಕ್ಕೆ 2015ರಲ್ಲೇ ಸಪೋರ್ಟ್ ಮುಗಿದಿತ್ತು. ದಾಳಿ ಆದ ಮೇಲೆ ಕಂಪನಿ ನಿಯಮ ಸಡಿಲಿಸಿ ಅವಕ್ಕೂ ಪ್ಯಾಚ್ ಬಿಟ್ಟಿತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಪೂರ್ತಿ ಸತ್ಯ ಹೇಳಬೇಕು ಅಂದ್ರೆ, ಆ ಸಲ ಸಿಕ್ಕಿಬಿದ್ದ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಎಕ್ಸ್‌ಪಿ ಅಲ್ಲ, ಆಗ ಸಪೋರ್ಟ್ ಇದ್ದ ವಿಂಡೋಸ್ 7. ಪ್ಯಾಚ್ ಬಂದು ಎರಡು ತಿಂಗಳಾಗಿದ್ದರೂ ಹಾಕಿರಲಿಲ್ಲ. ಅಂದ್ರೆ ಹೊಸ ಆಪರೇಟಿಂಗ್ ಸಿಸ್ಟಮ್ ತಂದುಬಿಟ್ಟರೆ ಎಲ್ಲ ಮುಗೀತು ಅಂತಲೂ ಅಲ್ಲ. ನೋಡಿಕೊಳ್ಳೋ ಒಬ್ಬರು ಬೇಕು.

“ಬದಲಾಯಿಸೋಕೆ ದುಡ್ಡೆಲ್ಲಿದೆ?” ಅಂತ ಕೇಳ್ತಾರೆ. ವಿಂಡೋಸ್ ವಿಷಯದಲ್ಲಿ ಇದು ನಿಜ. ಸರ್ವರ್ 2012ಕ್ಕೆ 2023ರ ಅಕ್ಟೋಬರ್ 10ಕ್ಕೆ ಸಪೋರ್ಟ್ ನಿಂತಿತು. ಅದಾದ ಮೇಲೆ ಪ್ಯಾಚ್ ಬೇಕಿದ್ದರೆ ದುಡ್ಡು ಕೊಡಬೇಕು, ಅದೂ ಹೆಚ್ಚೆಂದರೆ ಮೂರು ವರ್ಷ. ಸೆಂಟ್‌ಓಎಸ್ ಕತೆ ಬೇರೆ. ಅದರ ಜಾಗಕ್ಕೆ ಬಂದ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎರಡೂ ಉಚಿತ. ಅಲ್ಲಿ ಕಮ್ಮಿ ಇರೋದು ಟೈಮು, ಮತ್ತೆ ಧೈರ್ಯ. ಹತ್ತು ವರ್ಷದ ಹಿಂದೆ ಯಾವ ಸೀನಿಯರ್ ಬರೆದರೋ ಗೊತ್ತಿಲ್ಲದ ಪಿಎಚ್‌ಪಿ ಕೋಡ್, ಯಾರೂ ಬರೆದಿಡದ ಡೇಟಾಬೇಸ್ ಪಾಸ್‌ವರ್ಡ್, ರೀಬೂಟ್ ಮಾಡಿದರೆ ಮತ್ತೆ ಏಳುತ್ತೋ ಇಲ್ಲವೋ ಅನ್ನೋ ಭಯ. ನಿಜವಾದ ಖರ್ಚು ಇದು.

ಇನ್ನು ಈ ಕೆಲಸ ಯಾರ ತಲೆ ಮೇಲಿದೆ ನೋಡಿ. ನಮ್ಮಂಥ ಕಾಲೇಜುಗಳಲ್ಲಿ ಸಿಸ್ಟಮ್ ಅಡ್ಮಿನ್ ಸರ್ ಒಬ್ಬರೇ ಇರ್ತಾರೆ. ಪ್ರೊಜೆಕ್ಟರ್ ಕೆಟ್ಟರೆ ಅವರೇ, ವೈಫೈ ಹೋದರೆ ಅವರೇ, ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡರೂ ಅವರೇ. ಸರ್ವರ್ ಬಿದ್ದರೆ ಎಲ್ಲರೂ ಫೋನ್ ಮಾಡ್ತಾರೆ, ಬೀಳದೆ ಇದ್ದ ದಿನ ಒಬ್ಬರೂ “ಥ್ಯಾಂಕ್ಸ್ ಸರ್” ಅನ್ನಲ್ಲ. ಹೀಗಿರುವಾಗ ಓಡ್ತಾ ಇರೋದನ್ನ ಮುಟ್ಟಿ ಬೈಸಿಕೊಳ್ಳೋಕೆ ಅವರಿಗೇನು ಹಠವೇ? ಅವರ ಮೇಲೆ ತಪ್ಪು ಹೊರಿಸೋದು ಸುಲಭ, ಆದರೆ ಅದು ನ್ಯಾಯ ಅಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ ಒಂದು ಪಟ್ಟಿ. ಲಿನಕ್ಸ್‌ನಲ್ಲಿ ಇಟಿಸಿ ಫೋಲ್ಡರಿನ ಓಎಸ್-ರಿಲೀಸ್ ಫೈಲ್ ತೆರೆದರೆ ಯಾವ ವರ್ಷನ್ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. ಪ್ರತಿ ಸರ್ವರ್ ಮುಂದೆ ಮೂರು ವಿಷಯ ಬರೀಬೇಕು: ವರ್ಷನ್, ಸಪೋರ್ಟ್ ಮುಗಿಯೋ ತಾರೀಖು, ನೋಡಿಕೊಳ್ಳೋರ ಹೆಸರು. ಅದನ್ನು ವರ್ಷಕ್ಕೆರಡು ಸಲ ತೆರೆದು ಓದಲೇಬೇಕು, ಯಾಕಂದ್ರೆ ತಾರೀಖೂ ಬದಲಾಗುತ್ತೆ. ಸೆಂಟ್‌ಓಎಸ್ 8 ಅನ್ನು 2029ರ ತನಕ ನಂಬಬಹುದು ಅಂದುಕೊಂಡವರಿಗೆ 2020ರ ಡಿಸೆಂಬರ್‌ನಲ್ಲಿ ಸುದ್ದಿ ಬಂತು: 2021ರ ಡಿಸೆಂಬರ್ 31ಕ್ಕೇ ಕೊನೆ.

ಎರಡನೆಯದು, ತಕ್ಷಣ ಬದಲಾಯಿಸೋಕಾಗದ್ದನ್ನು ಬೇರೆ ಇಡೋದು. ಹಳೇ ವಿಂಡೋಸಿನಲ್ಲಿ ಮಾತ್ರ ಓಡೋ ಲ್ಯಾಬ್ ಸಾಫ್ಟ್‌ವೇರ್ ಇರುತ್ತೆ, ಹೊಸ ಡ್ರೈವರ್ ಸಿಗದ ಮಷೀನ್ ಇರುತ್ತೆ, ಒಪ್ಪೋಣ. ಅದಕ್ಕೆ ಇಂಟರ್ನೆಟ್ ಯಾಕೆ ಬೇಕು? ಅದನ್ನು ಬೇರೆ ನೆಟ್‌ವರ್ಕ್ ತುಂಡಿಗೆ ಹಾಕಿ, ಬೇಡದ ಪೋರ್ಟ್ ಎಲ್ಲ ಮುಚ್ಚಿ, ಯಾವ ಕಂಪ್ಯೂಟರಿನಿಂದ ಅದನ್ನು ಮುಟ್ಟಬಹುದು ಅಂತ ಲೆಕ್ಕ ಇಡಬಹುದು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಮೇಲೆ ದಾಳಿಯಾಗಿ ಓಪಿಡಿ ಕೆಲಸ ಎಷ್ಟೋ ದಿನ ಕೈಬರಹದಲ್ಲೇ ನಡೆಯಿತು. ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸದೆ ಇದ್ದದ್ದೇ ಕಾರಣ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಐದು ಸರ್ವರ್‌ಗಳಿಗೆ ಪೆಟ್ಟಾಗಿದ್ದರೂ ರೋಗಿಗಳ ದಾಖಲೆಯ ಡೇಟಾ ವಾಪಸ್ ಸಿಕ್ಕಿತು, ಯಾಕಂದ್ರೆ ದಾಳಿ ತಲುಪದ ಒಂದು ಬ್ಯಾಕಪ್ ಸರ್ವರ್ ಇತ್ತು. ಬೇರ್ಪಡಿಸೋದು, ಬ್ಯಾಕಪ್ ಇಡೋದು: ಎರಡೂ ಯಾಕೆ ಬೇಕು ಅನ್ನೋದಕ್ಕೆ ಈ ಒಂದೇ ಘಟನೆ ಸಾಕು.

ಮೂರನೆಯದು, ಬದಲಾಯಿಸುವಾಗ ಹಳೇದರ ಮೇಲೇ ಹೊಸದನ್ನು ಹಾಕೋ ಸಾಹಸ ಬೇಡ. ಪಕ್ಕದಲ್ಲಿ ಹೊಸ ಸರ್ವರ್ ಕಟ್ಟಿ, ಬ್ಯಾಕಪ್‌ನಿಂದ ಡೇಟಾ ತುಂಬಿ, ಎಲ್ಲ ಸರಿಯಿದ್ದರೆ ಮಾತ್ರ ವಿಳಾಸವನ್ನು ಹೊಸದಕ್ಕೆ ತಿರುಗಿಸಬೇಕು. ಏನಾದ್ರೂ ಕೈಕೊಟ್ಟರೆ ಹಳೇದಕ್ಕೆ ವಾಪಸ್ ಹೋಗಬಹುದು. ಈ ದಾರಿಯಲ್ಲಿ ಬ್ಯಾಕಪ್ ನಿಜವಾಗ್ಲೂ ಕೆಲಸ ಮಾಡುತ್ತಾ ಅನ್ನೋದೂ ಪರೀಕ್ಷೆ ಆಗಿಬಿಡುತ್ತೆ.

ಇದರಲ್ಲಿ ನಮ್ಮ ಪಾಲೂ ಇದೆ. ಆ ಸರ್ವರಿನಲ್ಲಿ ಇರೋದು ನಮ್ಮದೇ ಹೆಸರು, ಫೋನ್ ನಂಬರು, ಇಂಟರ್ನಲ್ಸ್ ಮಾರ್ಕ್ಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಮಾಹಿತಿಯನ್ನು ಕಾಪಾಡೋದು ಅದನ್ನು ಇಟ್ಟುಕೊಂಡವರ ಹೊಣೆ. ತಪ್ಪಿದರೆ ದಂಡ 250 ಕೋಟಿ ರೂಪಾಯಿ ತನಕ ಹೋಗಬಹುದು. ದಂಡ ಯಾರು ಕಟ್ಟಿದರೂ ಸೋರಿಹೋದ ಫೋನ್ ನಂಬರನ್ನು ವಾಪಸ್ ತರೋಕಾಗಲ್ಲ. ನೇರವಾಗಿ ತಟ್ಟೋ ಕಷ್ಟವೂ ಇದೆ: ನೋಡ್ 18ಕ್ಕೆ ಜಿಲಿಬ್‌ಸಿ 2.28 ಬೇಕು, ಸೆಂಟ್‌ಓಎಸ್ 7ರಲ್ಲಿ ಇರೋದು 2.17. ಅಂದ್ರೆ ಹಳೇ ಸರ್ವರಿನಲ್ಲಿ ನಮ್ಮ ಪ್ರಾಜೆಕ್ಟ್ ಸಲೀಸಾಗಿ ಏಳೋದೇ ಇಲ್ಲ.

ಹಾಗಾಗಿ ಎರಡು ಮಾತು. ಕಾಲೇಜಿಗೆ: ಈ ಪಟ್ಟಿ ಮಾಡೋ ಕೆಲಸವನ್ನು ಅಡ್ಮಿನ್ ಸರ್ ಜೊತೆ ನಮಗೂ ಕೊಡಿ. ಪಾಸ್‌ವರ್ಡ್ ಕೊಡಬೇಕಾಗಿಲ್ಲ, ಹಳೇ ಕೋಡ್ ಓದಿ ಬರೆದಿಡೋದು, ಹೊಸ ವರ್ಚುವಲ್ ಮಷೀನಿನಲ್ಲಿ ಅದನ್ನು ಏಳಿಸಿ ನೋಡೋದು ಒಳ್ಳೇ ಮಿನಿ ಪ್ರಾಜೆಕ್ಟ್ ಆಗುತ್ತೆ. ಹತ್ತನೇ ಸಲ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬರೆಯೋದಕ್ಕಿಂತ ಇದರಲ್ಲಿ ಕಲಿಯೋದು ಜಾಸ್ತಿ. ನಮ್ಮ ಗೆಳೆಯರಿಗೆ: “ಭಾನುವಾರ ಬೆಳಿಗ್ಗೆ ಆರರಿಂದ ಹತ್ತರ ತನಕ ಪೋರ್ಟಲ್ ಇರಲ್ಲ” ಅಂತ ಮೆಸೇಜ್ ಬಂದರೆ ಗ್ರೂಪಿನಲ್ಲಿ ಮೀಮ್ ಹಾಕೋದು ಬೇಡ. ಆ ನಾಲ್ಕು ಗಂಟೆ ಸಿಗದೆ ಇದ್ದರೆ ಪ್ಯಾಚ್ ಹಾಕೋಕೆ ಬೇರೆ ಟೈಮೇ ಇಲ್ಲ.