ಪೇಟೆಗೆ ಹೋಗುವ ಮುನ್ನ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಬ್ಯಾಡಗಿಯ ನಮ್ಮ ಮನೆಗೆ ಬಂದಿದ್ದರು. ಮೂವರೂ ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವವರು. ನಿವೃತ್ತ ಶಿಕ್ಷಕರ ಬರಹಗಳೆಲ್ಲ ಒಂದೇ ಸೂರಿನಡಿ ಸೇರುವಂತೆ ಸಾಮುದಾಯಿಕ ತಾಣವೊಂದನ್ನು ಕಟ್ಟುತ್ತಿದ್ದಾರಂತೆ. ಒಬ್ಬೊಬ್ಬರಿಗೂ ಅದರೊಳಗೆ ಒಂದೊಂದು ಕೋಣೆ. ನನ್ನ ಬರಹಗಳನ್ನೂ ಅಲ್ಲಿಗೆ ಸಾಗಿಸಬೇಕೆಂಬುದು ಅವರ ಆಗ್ರಹ. “ಒಂಟಿ ಮನೀಗೆ ಯಾರ್ ಬರ್ತಾರ್ರೀ ಸರ? ಪ್ಯಾಟ್ಯಾಗ ಕುಂತ್ರ ನಾಕು ಮಂದಿ ನೋಡ್ತಾರ” ಎಂದನೊಬ್ಬ. ಅಂದು ನಾನು ಹೆಚ್ಚು ಮಾತನಾಡಲಿಲ್ಲ. ಇಂದು ಆಡುತ್ತೇನೆ.

ಪೇಟೆಯ ಉಪಮೆಯನ್ನು ಬ್ಯಾಡಗಿಯವನ ಮುಂದೆ ಹಿಡಿದದ್ದೇ ಅವನು ಮಾಡಿದ ತಪ್ಪು. ನಮ್ಮ ಮೆಣಸಿನಕಾಯಿ ಪೇಟೆಯನ್ನು ನೋಡಿ. ರೈತ ಚೀಲ ತಂದು ದಲಾಲರ ಅಂಗಡಿಯ ಮುಂದೆ ಇಳಿಸುತ್ತಾನೆ, ಲಾಟಿಗೆ ಒಂದು ಸಂಖ್ಯೆ ಬೀಳುತ್ತದೆ, ವ್ಯಾಪಾರಿಗಳು ಗಣಕಯಂತ್ರದಲ್ಲಿ ದರ ನಮೂದಿಸುತ್ತಾರೆ. 2014ರಿಂದೀಚೆಗೆ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಒಂದರ ಹಿಂದೊಂದರಂತೆ ಏಕೀಕೃತ ಮಾರುಕಟ್ಟೆ ವೇದಿಕೆಗೆ ಜೋಡಿಸಿದರು. ಅದೂ ಹಲವು ಊರುಗಳಿಗೆ ಒಂದೇ ಸೂರು. ಆದರೆ ದರ ಒಪ್ಪಿಗೆಯಾಗದಿದ್ದರೆ ರೈತನು ‘ಒಲ್ಲೆ’ ಎನ್ನಬಹುದು. ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ, ಪಾವತಿಯನ್ನು ಕಿಸೆಯಲ್ಲಿಟ್ಟುಕೊಂಡು ಊರಿಗೆ ಮರಳಬಹುದು. ಹಾಗಿದ್ದೂ 2024ರ ಮಾರ್ಚ್ 11ರಂದು ಏನಾಯಿತೆಂಬುದನ್ನು ನೀವೆಲ್ಲ ಬಲ್ಲಿರಿ. ದರ ಕುಸಿದ ಸಿಟ್ಟಿನಲ್ಲಿ ಮಾರುಕಟ್ಟೆಯ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳು ಉರಿದವು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಮರಳಿ ಒಯ್ಯುವ ಹಕ್ಕಿದ್ದ ಪೇಟೆಯಲ್ಲಿಯೇ ಅಷ್ಟು ಅಸಹಾಯಕತೆಯಿದ್ದರೆ, ಆ ಹಕ್ಕೂ ಇಲ್ಲದ ಪೇಟೆಯಲ್ಲಿ ಏನು ಗತಿ?

ನೀವು ಕಟ್ಟುತ್ತಿರುವ ಪೇಟೆಯಿಂದ ನನ್ನ ಚೀಲ ಮರಳಿ ಬರುತ್ತದೆಯೇ? ಈ ಪ್ರಶ್ನೆಗೆ ಆ ಮೂವರಲ್ಲಿ ಒಬ್ಬನೂ ನೇರ ಉತ್ತರ ಕೊಡಲಿಲ್ಲ. ಒಬ್ಬನು ಕೋಣೆಯ ಬಣ್ಣ ತೋರಿಸಿದ, ಇನ್ನೊಬ್ಬನು ಓದುಗರ ಎಣಿಕೆಯ ಯಂತ್ರ ತೋರಿಸಿದ.

ದೊಡ್ಡ ಸೂರುಗಳ ಚರಿತ್ರೆ ಅಷ್ಟೇನೂ ಭರವಸೆ ಹುಟ್ಟಿಸುವಂಥದಲ್ಲ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ, ಗೂಗಲ್ ಪ್ಲಸ್ 2019ರ ಏಪ್ರಿಲ್ಲಿಗೆ, ಯಾಹೂ ಗ್ರೂಪ್ಸ್ 2020ರ ಡಿಸೆಂಬರಿಗೆ ಬಾಗಿಲು ಹಾಕಿದವು. ಇವುಗಳಲ್ಲಿ ಯಾವುದೂ ಬಡವರ ಅಂಗಡಿಯಾಗಿರಲಿಲ್ಲ. ಸಾಮುದಾಯಿಕ ತಾಣವೆಂದರೆ ನನಗೆ ಅಲರ್ಜಿಯೆಂದು ಭಾವಿಸಬೇಡಿ. 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ ‘ಸಂಪದ’ದಲ್ಲಿ ಕನ್ನಡಿಗರು ಕೂಡಿ ಬರೆದದ್ದನ್ನು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕೂಡಿ ಬರೆಯುವುದು ಬೇರೆ, ಇದ್ದ ಮನೆಯನ್ನು ಕೆಡವಿ ಬಾಡಿಗೆ ಕೋಣೆಗೆ ಹೋಗುವುದು ಬೇರೆ.

ನಾನು ಒಮ್ಮೆ ಹಾಗೆ ಹೋದವನು. ಯಾವ ತಾಣವೆಂಬುದು ಬೇಡ. ಕೆಲವು ವರ್ಷಗಳ ನಂತರ ಒಂದು ದಿನ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಸೂಚನೆ ಬಂತು, ಮೂವತ್ತು ದಿನಗಳ ಗಡುವು. ಆಗ ಮಗಳ ಬಾಣಂತನದ ಗಡಿಬಿಡಿಯಲ್ಲಿ ನಾನದನ್ನು ನೋಡಲೇ ಇಲ್ಲ. ನನ್ನ ಲೇಖನಗಳು ಹೇಗೋ ಉಳಿದವು, ಏಕೆಂದರೆ ನಾನು ಮೊದಲು ಹಾಳೆಯ ಮೇಲೆ ಬರೆಯುವವನು. ಅವುಗಳ ಕೆಳಗೆ ನೀವು ಬರೆದದ್ದು ಉಳಿಯಲಿಲ್ಲ. ರಾಣೆಬೆನ್ನೂರಿನ ಶಾಲೆಯ ಬಗೆಗಿನ ಲೇಖನಕ್ಕೆ ಒಬ್ಬ ವಿದ್ಯಾರ್ಥಿ, ಶುಲ್ಕ ಕಟ್ಟಲಾಗದೆ ತಾನು ವಾರಗಟ್ಟಲೆ ಹತ್ತಿಬೀಜದ ಹೊಲದಲ್ಲಿ ಹೂವಿನ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದನ್ನು ಬರೆದಿದ್ದ. ಆ ದಿನಗಳಲ್ಲಿ ಅವನ ಗೈರುಹಾಜರಿಗೆ ನಾನು ಬೆತ್ತದ ಏಟು ಕೊಟ್ಟಿದ್ದೆ. ಕಾರಣ ನನಗೆ ತಿಳಿದದ್ದು ಆ ಎಂಟು ಹತ್ತು ಸಾಲುಗಳಿಂದ. ಉತ್ತರ ಬರೆಯಬೇಕೆಂದು ದಿನ ದೂಡಿದೆ. ಅವನು ಈಗಿಲ್ಲ, ಆ ಸಾಲುಗಳೂ ಇಲ್ಲ.

ಆದ್ದರಿಂದ, “ಎಲ್ಲಾ ಒಂದ ಫೈಲಿನ್ಯಾಗ ಬರ್ತದ ಸರ” ಎಂದಾಗ ನನಗೆ ನಂಬಿಕೆ ಹುಟ್ಟುವುದಿಲ್ಲ. ಆ ಕಡತದಲ್ಲಿ ಬರುವುದು ಅಕ್ಷರಗಳು. ಚಿತ್ರಗಳ ಬದಲಿಗೆ ಎಷ್ಟೋ ಸಲ ಬರುವುದು ಅವುಗಳ ವಿಳಾಸ ಮಾತ್ರ. ಹಳೆಯ ಮನೆಯನ್ನು ಕೆಡವಿದ ದಿನವೇ ಆ ವಿಳಾಸ ಬರಿದು. ಇನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ನಾನು ಬೆರಳಚ್ಚಿಸಿದ ಮೊದಲ ಲೇಖನಗಳನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಎಲ್ಲಿಯೋ, ಒತ್ತಕ್ಷರ ಎಲ್ಲಿಯೋ. ಅದನ್ನು ಕುಳಿತು ತಿದ್ದುವವರು ಯಾರು? ಬಣ್ಣ ತೋರಿಸಿದವನು ಈ ಕೆಲಸಕ್ಕೆ ಒಪ್ಪಿಕೊಳ್ಳಲಿಲ್ಲ.

ನಮ್ಮ ಹಾವೇರಿಯ ಸೀಮೆಯ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತನ್ನು ನಾನು ನಿಮಗೆ ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ಅಗಡಿಯ ‘ಸದ್ಬೋಧ ಚಂದ್ರಿಕೆ’ಯಂಥ ಹತ್ತು ಜನರ ಪತ್ರಿಕೆಗೂ ಅವರು ದುಡಿದವರೇ. ಗಂಟು ಮಾತ್ರ ಅವರ ಹೆಗಲ ಮೇಲೆಯೇ ಇತ್ತು.

ಹಳಬನಾದ್ದರಿಂದ ಹೊಸದಕ್ಕೆ ಅಂಜುತ್ತಾನೆಂದು ನನ್ನ ತಮ್ಮನ ಮಗ ನಗುತ್ತಾನೆ. ಅಂಜುತ್ತೇನೆ, ನಿಜ. ಬರೆದವನ ಹೆಸರಿನ ವಿಳಾಸ ಬರೆದವನದೇ ಆಗಿರಲಿ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ಬಾಗಿಲಿಗೆ ಕರೆತರುವ ಏರ್ಪಾಡಿರಲಿ. ಓದಿದವರು ಬರೆದ ಒಂದು ಸಾಲೂ ಬಿಡದೆ ಜೊತೆಗೆ ಬರಲಿ. ನಾಳೆ ಬೇಡವೆನಿಸಿದರೆ ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲವನ್ನೂ ಕಟ್ಟಿಕೊಂಡು ಹೊರಡುವಂತಿರಲಿ. ಇಷ್ಟನ್ನು ಬರೆದು ಸಹಿ ಮಾಡಿ ಕೊಟ್ಟರೆ ನಾನು ಬರುತ್ತೇನೆ. ನನ್ನಂತೆಯೇ ಇಂಥ ಆಹ್ವಾನ ಪಡೆದಿರುವ ಹಾವೇರಿ, ರಾಣೆಬೆನ್ನೂರಿನ ಶಿಕ್ಷಕಮಿತ್ರರೂ ಇಷ್ಟನ್ನು ಕೇಳದೆ ಹೆಜ್ಜೆಯಿಡಬಾರದು.

ಆ ಮೂವರಿಗೆ ಒಂದು ಮಾತು. ದೀಪಾವಳಿಗೆ ಊರಿಗೆ ಬರುವಾಗ ದೊಡ್ಡದೊಂದು ಪೆನ್ ಡ್ರೈವ್ ತನ್ನಿರಿ. ಎರಡು ದಿನ ಇಲ್ಲಿಯೇ ಉಳಿಯಿರಿ, ಊಟ ನಮ್ಮಲ್ಲಿ. ಅರ್ಕಾವತ್ತು ತಿದ್ದುವುದನ್ನು ನಾನು ಹೇಳಿಕೊಡುತ್ತೇನೆ.